ಹೊಯ್ಗೆ ತಾನಾಗಿ ತುಂಬಿಕೊಳ್ಳುತ್ತದೆಯೇ?

ಕರಾವಳಿಯ ಸುದ್ದಿ ಬರೆಯುವ ನಮಗೆ ಒಂದು ಮಾತು ಕೇಳಿ ಕೇಳಿ ಬಾಯಿಪಾಠವಾಗಿದೆ. ಅಳಿವೆಯ ಹೂಳೆತ್ತಲಿ, ಹೊಳೆಯ ಹೊಯ್ಗೆ ತೆಗೆಯಲಿ, ಜೆಟ್ಟಿ ಕಟ್ಟಲಿ, ಪ್ರಶ್ನೆ ಕೇಳಿದರೆ ಬರುವ ಉತ್ತರ ಒಂದೇ: "ಬರುವ ಮಳೆಗಾಲಕ್ಕೆ ಮತ್ತೆ ತುಂಬಿಕೊಳ್ಳುತ್ತದೆ." ತುಂಬಿಕೊಂಡಿತೇ ಎಂದು ಮರುವರ್ಷ ಹೋಗಿ ನೋಡಿದವರು ಯಾರು, ನೋಡಿದ್ದನ್ನು ಎಲ್ಲಿ ಬರೆದಿಟ್ಟಿದ್ದಾರೆ ಎಂದು ಕೇಳಿದರೆ ಮಾತು ನಿಲ್ಲುತ್ತದೆ.

ಇದೇ ಮಾತನ್ನು ಸುಮಾರು 125 ವರ್ಷಗಳ ಹಿಂದೆ ಇಂಗ್ಲೆಂಡಿನ ಒಂದು ಮೀನುಗಾರರ ಊರಿಗೂ ಹೇಳಲಾಗಿತ್ತು. ಆ ಊರಿನ ಹೆಸರು ಹಾಲ್‌ಸ್ಯಾಂಡ್ಸ್. ಈಗ ಅಲ್ಲಿ ಊರಿಲ್ಲ, ಬಂಡೆಗೆ ಅಂಟಿಕೊಂಡ ಕೆಲವು ಮುರುಕು ಗೋಡೆಗಳಿವೆ. ಅದೇ ಕೊಲ್ಲಿಯ ತೀರದಲ್ಲಿ ಇವತ್ತು ಭೂಗೋಳದ ವಿದ್ಯಾರ್ಥಿಗಳು ಕೋಲು, ಟೇಪು ಹಿಡಿದು ಕಡಲ ದಂಡೆಯ ಇಳಿಜಾರನ್ನು ಅಳೆಯುತ್ತಿರುತ್ತಾರೆ. ಈ ಎರಡನ್ನೂ ಒಟ್ಟಿಗೆ ಓದಬೇಕು ಎಂದು ನಮಗೆ ಅನ್ನಿಸಿದ್ದರಿಂದ ಈ ಬರಹ.

ಹಾಲ್‌ಸ್ಯಾಂಡ್ಸ್ ಇದ್ದದ್ದು ಇಂಗ್ಲೆಂಡಿನ ನೈಋತ್ಯದ ಡೆವನ್ ಜಿಲ್ಲೆಯಲ್ಲಿ, ಸ್ಟಾರ್ಟ್ ಕೊಲ್ಲಿಯ ದಕ್ಷಿಣ ತುದಿಯ ಹತ್ತಿರ. ಹಿಂದೆ ಎತ್ತರದ ಗುಡ್ಡ, ಮುಂದೆ ಕಡಲು, ನಡುವೆ ಅಗಲ ಕಡಿಮೆಯ ಬಂಡೆಯ ಹಾಸು. ಆ ಹಾಸಿನ ಮೇಲೆ ಸಾಲಾಗಿ ಮನೆಗಳು. 1891ರ ಹೊತ್ತಿಗೆ 37 ಮನೆ, 159 ಜನ. ಏಡಿ ಹಿಡಿಯುವುದು ಮುಖ್ಯ ಕಸುಬು. ಮನೆಗಳ ಮುಂದೆ ಅಗಲವಾದ, ಎತ್ತರವಾದ ಕಡಲ ದಂಡೆ. ನಮ್ಮಲ್ಲಿಯ ಹಾಗೆ ಹೊಯ್ಗೆಯದಲ್ಲ, ಉರುಟು ಸಣ್ಣ ಕಲ್ಲುಗಳದ್ದು. ದೋಣಿ ಎಳೆದಿಡುವುದು, ಬಲೆ ಒಣಗಿಸುವುದು ಎಲ್ಲ ಅದರ ಮೇಲೆಯೇ. ಮೂಡಣ ಗಾಳಿ ಎದ್ದಾಗ ತೆರೆಗಳು ಆ ಕಲ್ಲಿನ ರಾಶಿಯ ಮೇಲೆ ಒಡೆದು ಸುಸ್ತಾಗುತ್ತಿದ್ದವು. ಮನೆಯ ಗೋಡೆಯವರೆಗೆ ಬರುತ್ತಿರಲಿಲ್ಲ.

1890ರ ದಶಕದಲ್ಲಿ ಬ್ರಿಟಿಷ್ ನೌಕಾಪಡೆ ಪ್ಲಿಮತ್ ಬಳಿಯ ಕೀಹ್ಯಾಮ್‌ನಲ್ಲಿ ಹಡಗುಕಟ್ಟೆಯನ್ನು ದೊಡ್ಡದು ಮಾಡಲು ಹೊರಟಿತು. ಕಾಂಕ್ರೀಟಿಗೆ ರಾಶಿಗಟ್ಟಲೆ ಜಲ್ಲಿ ಬೇಕಿತ್ತು. ಗುತ್ತಿಗೆ ಹಿಡಿದವರು ಸರ್ ಜಾನ್ ಜಾಕ್ಸನ್. ಹತ್ತಿರದಲ್ಲಿ ಅಗ್ಗಕ್ಕೆ ಸಿಗುವ ಜಲ್ಲಿ ಸ್ಟಾರ್ಟ್ ಕೊಲ್ಲಿಯಲ್ಲಿತ್ತು.

ಇಲ್ಲಿ ಒಂದು ಕಾನೂನಿನ ಸಂಗತಿ ಇದೆ. ಉಬ್ಬರದ ಗೆರೆಗೂ ಇಳಿತದ ಗೆರೆಗೂ ನಡುವಿನ ನೆಲ ಇಂಗ್ಲೆಂಡಿನಲ್ಲಿ ಬಹುಪಾಲು ರಾಜಮನೆತನದ ಆಸ್ತಿ. ಅದರ ಉಸ್ತುವಾರಿ ಆಗ ಬೋರ್ಡ್ ಆಫ್ ಟ್ರೇಡ್ ಎಂಬ ಸರ್ಕಾರಿ ಇಲಾಖೆಯ ಕೈಯಲ್ಲಿತ್ತು. ಮನೆ ಊರವರದ್ದು, ಮನೆಯ ಎದುರಿನ ದಂಡೆ ಸರ್ಕಾರದ್ದು. 1896ರಲ್ಲಿ ಇಲಾಖೆ ಜಾಕ್ಸನ್‌ಗೆ ಪರವಾನಗಿ ಕೊಟ್ಟಿತು. 1897ರ ಏಪ್ರಿಲ್‌ನಲ್ಲಿ ಡ್ರೆಜರುಗಳು ಬಂದು ನಿಂತವು. ದಿನಕ್ಕೆ 1600 ಟನ್‌ವರೆಗೂ ಕಲ್ಲು ಎತ್ತಲಾಯಿತು.

ಊರವರು ಸುಮ್ಮನಿರಲಿಲ್ಲ. ದೂರು ಹೋಯಿತು, ಆ ವರ್ಷವೇ ಸ್ಥಳ ವಿಚಾರಣೆಯೂ ನಡೆಯಿತು. ಅಗೆತದಿಂದ ಊರಿಗೆ ಅಪಾಯವಾಗುವ ಸಂಭವ ಇಲ್ಲ ಎಂದು ವಿಚಾರಣೆ ಮುಗಿಯಿತು, ಕೆಲಸ ಮುಂದುವರಿಯಿತು. ಇದರ ಹಿಂದಿದ್ದ ನಂಬಿಕೆ ಸರಳ: ತೆಗೆದಷ್ಟನ್ನು ಕಡಲು ತಂದು ತುಂಬಿಸುತ್ತದೆ.

ಕಡಲು ತುಂಬಿಸಲಿಲ್ಲ. 1900ರ ಹೊತ್ತಿಗೆ ದಂಡೆ ಕಣ್ಣಿಗೆ ಕಾಣುವಷ್ಟು ತಗ್ಗಿತ್ತು. ಆ ವರ್ಷದ ಬಿರುಗಾಳಿಗೆ ತಡೆಗೋಡೆಯ ಒಂದು ಭಾಗ ಹೋಯಿತು. ಊರವರು ತಮ್ಮ ಸಂಸದರಾಗಿದ್ದ ಫ್ರಾಂಕ್ ಮಿಲ್ಡ್‌ಮೇ ಅವರ ಮೊರೆ ಹೋದರು. 1901ರಲ್ಲಿ ಇಲಾಖೆಯ ಇನ್ನೊಬ್ಬ ಅಧಿಕಾರಿ ಬಂದು ನೋಡಿ, ಇನ್ನೊಂದು ಜೋರು ಬಿರುಗಾಳಿ ಬಂದರೆ ದೊಡ್ಡ ಹಾನಿಯಾದೀತು, ಅಗೆಯುವುದನ್ನು ನಿಲ್ಲಿಸಬೇಕು ಎಂದು ವರದಿ ಕೊಟ್ಟರು. 1902ರ ಜನವರಿಯಲ್ಲಿ ಪರವಾನಗಿ ರದ್ದಾಯಿತು. ಅಷ್ಟರಲ್ಲಿ ಐದು ವರ್ಷ ಕಳೆದಿತ್ತು. ಒಟ್ಟು ಸುಮಾರು 6,50,000 ಟನ್ ಕಲ್ಲು ಹೋಗಿತ್ತು.

ಮುಂದಿನ ಚಳಿಗಾಲಗಳಲ್ಲಿ ಕೆಲವು ಮನೆಗಳು ಬಿದ್ದವು. ಹೊಸ ತಡೆಗೋಡೆ ಎದ್ದಿತು. ಅದು ಒಂದು ದಶಕಕ್ಕೂ ಹೆಚ್ಚು ಕಾಲ ತಡೆಯಿತು. 1917ರ ಜನವರಿ 26ರ ರಾತ್ರಿ ಮೂಡಣ ದಿಕ್ಕಿನ ಬಿರುಗಾಳಿ, ದೊಡ್ಡ ಉಬ್ಬರ ಎರಡೂ ಒಟ್ಟಿಗೆ ಬಂದವು. ಗೋಡೆ ಒಡೆದು ಕಡಲು ಒಳಗೆ ನುಗ್ಗಿತು. ಜೀವ ಯಾರದ್ದೂ ಹೋಗಲಿಲ್ಲ ಎಂಬುದೊಂದೇ ಸಮಾಧಾನ. ಆ ವರ್ಷದ ಕೊನೆಗೆ ವಾಸಕ್ಕೆ ಯೋಗ್ಯವಾಗಿ ಉಳಿದದ್ದು ಒಂದು ಮನೆ. ಹಳೆಯ ಊರನ್ನು ಬಿಟ್ಟು ಹೋಗಲು ಒಪ್ಪದ ಒಬ್ಬ ಮಹಿಳೆ ಅಲ್ಲಿ 1964ರವರೆಗೂ, ತನ್ನ ಕೊನೆಯವರೆಗೂ ಇದ್ದರು. ಉಳಿದವರು ಪರಿಹಾರಕ್ಕಾಗಿ ಏಳು ವರ್ಷ ಅಲೆದರು.

ಈ ಅಲೆದಾಟದಲ್ಲಿ ಊರವರ ಕೈಗೆ ಸಿಕ್ಕ ಗಟ್ಟಿ ವಸ್ತು ಎಂದರೆ ಅಳತೆ. ಪ್ಲಿಮತ್‌ನ ಸಿವಿಲ್ ಎಂಜಿನಿಯರ್ ರಿಚರ್ಡ್ ಹ್ಯಾನ್ಸ್‌ಫೋರ್ಡ್ ವರ್ತ್ ಹಾಲ್‌ಸ್ಯಾಂಡ್ಸ್‌ನ ದಂಡೆಯನ್ನು ಮತ್ತೆ ಮತ್ತೆ ಅಧ್ಯಯನ ಮಾಡಿ 1904, 1909 ಮತ್ತು 1923ರಲ್ಲಿ ಡೆವನ್‌ಶೈರ್ ಅಸೋಸಿಯೇಷನ್ನಿನ ವಾರ್ಷಿಕ ಸಂಪುಟಗಳಲ್ಲಿ ಪ್ರಕಟಿಸಿದರು. ಅದೊಂದು ಜಿಲ್ಲಾ ಮಟ್ಟದ ವಿದ್ವತ್ ಸಂಘ. ಅಲ್ಲಿ ಬರೆಯುತ್ತಿದ್ದವರು ಪಾದ್ರಿಗಳು, ವಕೀಲರು, ಎಂಜಿನಿಯರುಗಳು. ಮೇಲೆ ಹೇಳಿದ ಆರೂವರೆ ಲಕ್ಷ ಟನ್ ಎಂಬ ಲೆಕ್ಕ ವರ್ತ್ ಅವರದ್ದು. ಹಾಲ್‌ಸ್ಯಾಂಡ್ಸ್ ಬಗ್ಗೆ ಆಮೇಲೆ ಬರೆದವರೆಲ್ಲ ಅವರ ಮೂರು ಲೇಖನಗಳನ್ನು ಹಿಡಿದೇ ಬರೆದಿದ್ದಾರೆ. 19 ವರ್ಷಗಳ ಅಂತರದಲ್ಲಿ ಒಬ್ಬನೇ ಮನುಷ್ಯ ಒಂದೇ ದಂಡೆಯ ಬಗ್ಗೆ ಮೂರು ಸಲ ಬರೆದದ್ದು ಸಣ್ಣ ಕೆಲಸವಲ್ಲ. ದೈನಿಕಗಳಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಅದರ ಬೆಲೆ ಚೆನ್ನಾಗಿ ಗೊತ್ತು. ನಮ್ಮಲ್ಲಿ ಒಂದು ಕಡಲ್ಕೊರೆತದ ಸುದ್ದಿಯ ಆಯುಷ್ಯ ಎರಡು ದಿನ.

ಕಡಲು ಯಾಕೆ ತುಂಬಿಸಲಿಲ್ಲ? ಆ ದಂಡೆಯ ಕಲ್ಲುಗಳಲ್ಲಿ ಹೆಚ್ಚಿನವು ಚಕಮಕಿ ಕಲ್ಲು. ಸುತ್ತಲಿನ ಗುಡ್ಡಗಳಲ್ಲಿ ಆ ಜಾತಿಯ ಕಲ್ಲೇ ಇಲ್ಲ. ಹಿಮಯುಗ ಮುಗಿದು ಕಡಲ ಮಟ್ಟ ಏರುತ್ತಾ ಬಂದಾಗ, ಆಗ ಒಣ ನೆಲವಾಗಿದ್ದ ಕಡಲ ತಳದಿಂದ ತೆರೆಗಳು ಸಾವಿರಾರು ವರ್ಷ ತಳ್ಳಿಕೊಂಡು ಬಂದ ಕಲ್ಲು ಅದು. ಈಗ ಹೊಸದಾಗಿ ತಂದು ಹಾಕುವ ಹೊಳೆಯಿಲ್ಲ, ಕರಗುವ ಗುಡ್ಡವಿಲ್ಲ. ಅಂದರೆ ಅದು ಪಿತ್ರಾರ್ಜಿತ ಹಣದ ಹಾಗೆ. ಖರ್ಚು ಮಾಡಬಹುದು, ಮತ್ತೆ ಸಂಬಳ ಬರುವುದಿಲ್ಲ. 1897ರಲ್ಲಿ ವಿಚಾರಣೆಗೆ ಬಂದವರಿಗೆ ಇದು ತಿಳಿದಿರಲಿಲ್ಲ ಎಂದು ಅವರನ್ನು ಬಿಟ್ಟುಬಿಡಬಹುದು. ಆದರೆ ಮೊದಲ ವರ್ಷ ತೆಗೆದ ಮೇಲೆ ಎರಡನೇ ವರ್ಷ ತುಂಬಿತೇ ಎಂದು ನೋಡಲು ಭೂವಿಜ್ಞಾನ ಬೇಕಿರಲಿಲ್ಲ. ಬಂಡೆಯ ಮೇಲೊಂದು ಗುರುತು, ಒಂದು ಕೋಲು ಸಾಕಿತ್ತು.

ಆ ಕೋಲು ಅದೇ ಕೊಲ್ಲಿಗೆ ಬಂದದ್ದು ವಿದ್ಯಾರ್ಥಿಗಳ ಕೈಯಲ್ಲಿ, ಬಹಳ ವರ್ಷಗಳ ನಂತರ. ಬ್ರಿಟನ್ನಿನಲ್ಲಿ ಮಕ್ಕಳನ್ನು ಹೊರಗೆ ಕರೆದೊಯ್ದು ಭೂಗೋಳ ಕಲಿಸುವ ರೂಢಿಗೆ ಉದ್ದದ ಇತಿಹಾಸವಿದೆ. 1930ರ ದಶಕದಲ್ಲಿ ಡಡ್ಲಿ ಸ್ಟ್ಯಾಂಪ್ ಎಂಬ ಭೂಗೋಳ ಪ್ರಾಧ್ಯಾಪಕ ದೇಶದ ಯಾವ ಹೊಲದಲ್ಲಿ ಏನು ಬೆಳೆಯುತ್ತದೆ ಎಂದು ನಕ್ಷೆ ಮಾಡಿಸಿದ್ದು ಬಹುಪಾಲು ಶಾಲಾ ಮಕ್ಕಳು, ಶಿಕ್ಷಕರಿಂದ. ಎರಡನೇ ಮಹಾಯುದ್ಧ ಬಂದು ಆಹಾರದ ತತ್ವಾರವಾದಾಗ, ಎಲ್ಲಿ ಉಳಬಹುದು ಎಂದು ನೋಡಲು ಸರ್ಕಾರಕ್ಕೆ ಅದೇ ನಕ್ಷೆಗಳು ಒದಗಿದವು. 1943ರಲ್ಲಿ, ಯುದ್ಧದ ನಡುವೆಯೇ, ಈಗ ಫೀಲ್ಡ್ ಸ್ಟಡೀಸ್ ಕೌನ್ಸಿಲ್ ಎಂದು ಕರೆಯುವ ಸಂಸ್ಥೆ ಹುಟ್ಟಿತು. ಅವರ ಮೊದಲ ಕೇಂದ್ರ ಫ್ಲ್ಯಾಟ್‌ಫರ್ಡ್ ಮಿಲ್‌ನಲ್ಲಿ 1946ರಲ್ಲಿ ತೆರೆಯಿತು. 1959ರಲ್ಲಿ ಹಾಲ್‌ಸ್ಯಾಂಡ್ಸ್‌ನಿಂದ ಕೆಲವೇ ಮೈಲಿ ಉತ್ತರಕ್ಕೆ, ಸ್ಲ್ಯಾಪ್ಟನ್‌ನಲ್ಲಿ ಇನ್ನೊಂದು ಕೇಂದ್ರ ಶುರುವಾಯಿತು.

ಸ್ಲ್ಯಾಪ್ಟನ್ ವಿಚಿತ್ರ ಜಾಗ. ಒಂದು ಕಡೆ ಕಡಲು, ಇನ್ನೊಂದು ಕಡೆ ಸಿಹಿನೀರಿನ ಕೆರೆ, ನಡುವೆ ಉರುಟು ಕಲ್ಲಿನ ಉದ್ದನೆಯ ದಿಬ್ಬ, ದಿಬ್ಬದ ಮೇಲೆ ರಸ್ತೆ. ನಮ್ಮ ಮರವಂತೆ ನೋಡಿದವರಿಗೆ ಇದನ್ನು ಬೇರೆ ವಿವರಿಸಬೇಕಿಲ್ಲ. ಸೌಪರ್ಣಿಕಾ ನದಿಯ ಜಾಗದಲ್ಲಿ ಕೆರೆ ಇಟ್ಟುಕೊಳ್ಳಿ, ಅಷ್ಟೆ. ಯುದ್ಧಕಾಲದಲ್ಲಿ ಅಮೆರಿಕದ ಸೈನ್ಯ ನಾರ್ಮಂಡಿ ದಾಳಿಯ ತಾಲೀಮಿಗೆ ಈ ದಂಡೆಯನ್ನು ಆರಿಸಿತ್ತು. ಸುತ್ತಲಿನ ಹಳ್ಳಿಗಳ ಸುಮಾರು 3000 ಜನರನ್ನು 1943ರ ಕೊನೆಗೆ ಎಬ್ಬಿಸಿ ಕಳಿಸಲಾಯಿತು. 1944ರ ಏಪ್ರಿಲ್‌ನ ತಾಲೀಮಿನ ವೇಳೆ ಜರ್ಮನ್ ದೋಣಿಗಳ ದಾಳಿಗೆ 700ಕ್ಕೂ ಹೆಚ್ಚು ಅಮೆರಿಕನ್ನರು ಸತ್ತರು. ಅದು ಬೇರೆಯೇ ಕತೆ.

ಇಲ್ಲಿಗೆ ಬರುವ ವಿದ್ಯಾರ್ಥಿಗಳು ಮಾಡುವ ಕೆಲಸ ಕೇಳಲಿಕ್ಕೆ ಬಹಳ ಸಾಮಾನ್ಯ. ಮೊದಲು ಉಬ್ಬರವಿಳಿತದ ಪಟ್ಟಿ ನೋಡಿ ನೀರು ಇಳಿದಿರುವ ಹೊತ್ತು ಗೊತ್ತು ಮಾಡಿಕೊಳ್ಳಬೇಕು. ನೀರಿನ ಅಂಚಿನಿಂದ ದಿಬ್ಬದ ತಲೆಯವರೆಗೆ ನೇರ ಗೆರೆ ಹಿಡಿಯಬೇಕು. ಇಳಿಜಾರು ಬದಲಾಗುವ ಕಡೆಯಲ್ಲೆಲ್ಲ ಕೆಂಪು–ಬಿಳಿ ಪಟ್ಟೆಯ ಕೋಲು ನೆಡಬೇಕು. ಎರಡು ಕೋಲುಗಳ ನಡುವಿನ ದೂರವನ್ನು ಟೇಪಿನಿಂದ, ಕೋನವನ್ನು ಕ್ಲೈನೋಮೀಟರಿನಿಂದ ಅಳೆದು ಬರೆದುಕೊಳ್ಳಬೇಕು. ಕೋಣೆಗೆ ಹಿಂತಿರುಗಿ ಗ್ರಾಫ್ ಹಾಳೆಯ ಮೇಲೆ ಹಾಕಿದರೆ ದಂಡೆಯ ಅಡ್ಡಕೊಯ್ತದ ಚಿತ್ರ ಬರುತ್ತದೆ. ಜೊತೆಗೆ ಕಲ್ಲುಗಳನ್ನು ಕಣ್ಣುಮುಚ್ಚಿ ಎತ್ತಿ, ಉದ್ದ ಅಳೆದು, ಎಷ್ಟು ಉರುಟು ಎಂದು ಪಟ್ಟಿ ಮಾಡುತ್ತಾರೆ. ಕಣ್ಣುಮುಚ್ಚುವುದು ತಮಾಷೆಗಲ್ಲ, ತೆರೆದ ಕಣ್ಣು ಚೆಂದದ ಕಲ್ಲನ್ನೇ ಆರಿಸುತ್ತದೆ.

ಇಷ್ಟು ಸಲಕರಣೆಯೂ ಬೇಡ ಎಂದು ತೋರಿಸಿದವರು ಅಮೆರಿಕದ ಕಡಲ ಭೂವಿಜ್ಞಾನಿ ಕೆನೆತ್ ಎಮೆರಿ. 1961ರಲ್ಲಿ ಅವರೊಂದು ಪುಟ್ಟ ಲೇಖನ ಬರೆದರು. ಒಂದೇ ಎತ್ತರದ ಎರಡು ಕೋಲು, ಮೇಲಿನ ತುದಿಯಿಂದ ಕೆಳಕ್ಕೆ ಸೆಂಟಿಮೀಟರ್ ಗುರುತು. ಒಬ್ಬರು ನೆಲದ ಕಡೆ, ಇನ್ನೊಬ್ಬರು ಕಡಲ ಕಡೆ ಕೋಲು ನೆಟ್ಟಗೆ ಹಿಡಿದು ನಿಲ್ಲುವುದು. ನೆಲದ ಕಡೆ ನಿಂತವರು ಎದುರಿನ ಕೋಲಿನ ತುದಿಯನ್ನೂ ದೂರದ ಬಾನಂಚನ್ನೂ ಒಂದೇ ಗೆರೆಗೆ ತಂದು, ಆ ಗೆರೆ ತಮ್ಮ ಕೋಲನ್ನು ಎಲ್ಲಿ ಮುಟ್ಟುತ್ತದೆ ಎಂದು ಓದಿದರೆ ಆಯಿತು, ಎರಡು ಜಾಗಗಳ ನಡುವಿನ ತಗ್ಗು ಅಷ್ಟು. ಕಡಲು ತಾನೇ ಮಟ್ಟಗೋಲು. ಮೋಡ ಕವಿದು ಬಾನಂಚು ಕಾಣದ ದಿನ ಮಾತ್ರ ಈ ಉಪಾಯ ನಡೆಯದು. ಬಡಗಿಯ ಹತ್ತಿರ ಹೋದರೆ ಅರ್ಧ ದಿನದಲ್ಲಿ ಸಿಗುವ ಸಲಕರಣೆ ಇದು.

ಇಂಗ್ಲೆಂಡಿನಲ್ಲಿ ಹದಿನೆಂಟರ ವಯಸ್ಸಿನ ಎ ಲೆವೆಲ್ ಭೂಗೋಳಕ್ಕೆ ಈಗ ಕನಿಷ್ಠ ನಾಲ್ಕು ದಿನದ ಕ್ಷೇತ್ರಕಾರ್ಯ ಕಡ್ಡಾಯ. ವಿದ್ಯಾರ್ಥಿ ತಾನೇ ಪ್ರಶ್ನೆ ಹಾಕಿಕೊಂಡು ಬರೆಯುವ ವರದಿಗೆ ನೂರಕ್ಕೆ ಇಪ್ಪತ್ತು ಅಂಕ. ಇದನ್ನೆಲ್ಲ ಹೊಗಳಿ ಕೈತೊಳೆದುಕೊಳ್ಳುವ ಅಗತ್ಯವಿಲ್ಲ. ಅಂಕಕ್ಕಾಗಿ ಬರೆದ ವರದಿ ಅಂಕ ಸಿಕ್ಕ ಮೇಲೆ ಎಲ್ಲಿಯೂ ಮೂಲೆ ಸೇರುತ್ತದೆ. ವ್ಯತ್ಯಾಸ ಇರುವುದು ಇನ್ನೊಂದು ಕಡೆ. 2006ರಿಂದ ನೈಋತ್ಯ ಇಂಗ್ಲೆಂಡಿನ ಇಡೀ ತೀರವನ್ನು ಗೊತ್ತುಪಡಿಸಿದ ಗೆರೆಗಳಲ್ಲಿ ಕಾಲಕಾಲಕ್ಕೆ ಅಳೆಯುವ ಸರ್ಕಾರಿ ಕಾರ್ಯಕ್ರಮವಿದೆ, ಅದರ ಅಂಕಿಗಳು ಯಾರಿಗಾದರೂ ಪುಕ್ಕಟೆ ಸಿಗುತ್ತವೆ. ತನ್ನ ಒಂದು ದಿನದ ಅಳತೆಯನ್ನು ಹಳೆಯ ಅಳತೆಯ ಪಕ್ಕ ಇಟ್ಟು ನೋಡುವ ಅವಕಾಶ ಅಲ್ಲಿನ ವಿದ್ಯಾರ್ಥಿಗೆ ಇದೆ. 2001ರ ಜನವರಿಯಲ್ಲಿ ಸ್ಲ್ಯಾಪ್ಟನ್ ದಿಬ್ಬದ ರಸ್ತೆ ಕಡಲಿಗೆ ಕುಸಿದಾಗ, 2018ರ ಮಾರ್ಚ್‌ನಲ್ಲಿ ಎಮ್ಮಾ ಬಿರುಗಾಳಿಗೆ ಮತ್ತೆ ಕಿತ್ತುಹೋದಾಗ, ರಸ್ತೆಯನ್ನು ಅಲ್ಲೇ ಕಟ್ಟಬೇಕೇ, ಹಿಂದೆ ಸರಿಸಬೇಕೇ, ಬಿಟ್ಟೇಬಿಡಬೇಕೇ ಎಂಬ ಜಗಳದಲ್ಲಿ ಊರವರೂ ಅಧಿಕಾರಿಗಳೂ ದಂಡೆ ಎಷ್ಟು ಹಿಂದೆ ಸರಿದಿದೆ ಎಂಬ ಲೆಕ್ಕವನ್ನು ಮುಂದಿಟ್ಟುಕೊಂಡೇ ಮಾತಾಡಬೇಕಾಯಿತು. ಜಗಳ ಮುಗಿದಿಲ್ಲ, ಆದರೆ ಲೆಕ್ಕ ಇದೆ.

ಇನ್ನು ನಮ್ಮ ತೀರ. ಕಾನೂನಿನ ಮಟ್ಟಿಗೆ ನಾವು ಹಾಲ್‌ಸ್ಯಾಂಡ್ಸ್‌ನಿಂದ ಬಹಳ ದೂರವಿಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಸೆಕ್ಷನ್ ಪ್ರಕಾರ ಉಬ್ಬರದ ಗೆರೆಯ ಕೆಳಗಿನ ಕಡಲ ತಳ ಸರ್ಕಾರದ್ದು. 1991ರ ಫೆಬ್ರವರಿಯಲ್ಲಿ ಬಂದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ಅಂದರೆ ಎಲ್ಲರ ಬಾಯಲ್ಲಿರುವ ಸಿಆರ್‌ಝಡ್, ತನ್ನ ಅಂತರಗಳನ್ನು ಅಳೆಯುವುದು ಆ ಉಬ್ಬರದ ಗೆರೆಯಿಂದಲೇ. 2019ರ ಅಧಿಸೂಚನೆಯೂ ಅಷ್ಟೆ: ಹಳ್ಳಿಯ ಜನಸಾಂದ್ರತೆ ನೋಡಿ ಕಟ್ಟಡ ನಿಷೇಧದ ಅಂತರ 50 ಮೀಟರೋ 200 ಮೀಟರೋ ಎಂದು ನಿಗದಿ, ಆದರೆ ಸೊನ್ನೆಯ ಗುರುತು ಉಬ್ಬರದ ಗೆರೆ. ಒಬ್ಬ ಮೀನುಗಾರನಿಗೆ ಮನೆ ಕಟ್ಟಲು ಪರವಾನಗಿ ಸಿಗುತ್ತದೋ ಇಲ್ಲವೋ ಎಂಬುದು ಈ ಗೆರೆಯ ಮೇಲೆ ನಿಂತಿದೆ. ಗೆರೆ ಮಾತ್ರ ನಿಂತಲ್ಲಿ ನಿಲ್ಲುವುದಿಲ್ಲ.

ಹೊಯ್ಗೆಯ ವಿಷಯದಲ್ಲಿ ನಮ್ಮ ತೀರ ಸ್ಟಾರ್ಟ್ ಕೊಲ್ಲಿಯ ಹಾಗಲ್ಲ. ಕಾಳಿ, ಅಘನಾಶಿನಿ, ಶರಾವತಿ, ಸೀತಾ, ಸ್ವರ್ಣಾ, ಗುರುಪುರ, ನೇತ್ರಾವತಿ ಎಲ್ಲವೂ ಘಟ್ಟದಿಂದ ಮಣ್ಣು–ಹೊಯ್ಗೆ ಹೊತ್ತು ತರುತ್ತವೆ. ನಮಗೆ ಪಿತ್ರಾರ್ಜಿತದ ಜೊತೆಗೆ ಸಂಬಳವೂ ಇದೆ. ಆದ್ದರಿಂದ "ಮತ್ತೆ ತುಂಬಿಕೊಳ್ಳುತ್ತದೆ" ಎನ್ನುವವರ ಮಾತಿನಲ್ಲಿ ಸತ್ಯವಿಲ್ಲ ಎನ್ನುವ ಹಾಗಿಲ್ಲ. ಆದರೆ ಕಾಳಿ, ಶರಾವತಿಗಳಿಗೆ ದೊಡ್ಡ ಅಣೆಕಟ್ಟುಗಳಿವೆ. ಹೊಳೆಗಳ ಹೊಯ್ಗೆಗೆ ಲಾರಿಗಳು ಕಾಯುತ್ತಿವೆ. ಮೇಲಾಗಿ, ಕಡಲು ಹೊಯ್ಗೆಯನ್ನು ತೀರದುದ್ದಕ್ಕೂ ಸಾಗಿಸುವ ದಾರಿಗೆ ನಾವೇ ಅಡ್ಡ ಕಟ್ಟಿದ್ದೇವೆ. ನೇತ್ರಾವತಿ–ಗುರುಪುರ ಅಳಿವೆಯ ಎರಡೂ ಬದಿಗೆ 1990ರ ದಶಕದಲ್ಲಿ ಕಲ್ಲಿನ ತಡೆದಂಡೆ ಚಾಚಿದ ಮೇಲೆ ಬೆಂಗ್ರೆಯ ಕಡೆ ಹೊಯ್ಗೆ ಬೆಳೆಯಿತು, ಉಳ್ಳಾಲದ ಕಡೆ ಕೊರೆತ ಹೆಚ್ಚಿತು. ಉಳ್ಳಾಲವನ್ನು ಉಳಿಸಲು ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದಲ್ಲಿ ಕಡಲೊಳಗೆ ಕೃತಕ ರೀಫ್ ಹಾಕಬೇಕಾಯಿತು.

ಇದನ್ನೆಲ್ಲ ಅಳೆದವರಿಲ್ಲ ಎಂದಲ್ಲ. ಸುರತ್ಕಲ್‌ನ ಎನ್‌ಐಟಿಕೆ, ಮಂಗಳೂರು ವಿಶ್ವವಿದ್ಯಾಲಯದ ಕಡಲ ಭೂವಿಜ್ಞಾನ ವಿಭಾಗದವರು ದಂಡೆಯ ಅಡ್ಡಕೊಯ್ತಗಳನ್ನು ಅಳೆದು ಪ್ರಬಂಧ ಪ್ರಕಟಿಸಿದ್ದಾರೆ. ಅವು ಇಂಗ್ಲಿಷ್ ಪತ್ರಿಕೆಗಳಲ್ಲಿವೆ, ಹೆಚ್ಚಿನವು ಒಂದೆರಡು ವರ್ಷದ ಯೋಜನೆಗೆ ಸೇರಿದವು. ಊರ ಪಂಚಾಯಿತಿಯ ಕಪಾಟಿನಲ್ಲಿ ಅವುಗಳ ಒಂದು ಪ್ರತಿಯನ್ನೂ ನಾವು ಕಂಡಿಲ್ಲ.

ಇನ್ನು ಪದವಿ ಕಾಲೇಜುಗಳ ಭೂಗೋಳ ಪ್ರವಾಸ. ಬಯಲುಸೀಮೆಯಿಂದ ಕರಾವಳಿಗೆ ಬರುವ ತಂಡಗಳ ಜೊತೆ ನಾವು ಕೆಲವು ಸಲ ದಂಡೆಯಲ್ಲಿ ಅರ್ಧ ದಿನ ಕಳೆದಿದ್ದೇವೆ. ಬರುವುದು ಡಿಸೆಂಬರ್ ಇಲ್ಲವೇ ಜನವರಿಯಲ್ಲಿ. ಬಸ್ಸು ನಿಲ್ಲುತ್ತದೆ, ಮೇಷ್ಟ್ರು ತೆರೆ, ಉಬ್ಬರ, ಮರಳದಿಬ್ಬ ಎಂದು ತೋರಿಸುತ್ತಾರೆ, ಫೋಟೊ ಆಗುತ್ತದೆ. ಕೆಲವು ಉತ್ಸಾಹಿ ಮೇಷ್ಟ್ರುಗಳು ಟೇಪು ತಂದು ಅಳೆಸುತ್ತಾರೆ ಕೂಡ. ಹಾಗೆ ಅಳೆಯುತ್ತಿದ್ದಾಗ ಬಲೆ ಸರಿಪಡಿಸುತ್ತಿದ್ದ ಹಿರಿಯರೊಬ್ಬರು, "ಎಂತ ಅಳೆಯುವುದು ಮಕ್ಕಳೇ?" ಎಂದು ಕೇಳಿದರು. ಹುಡುಗಿಯೊಬ್ಬಳು, "ಬೀಚ್ ಎಷ್ಟು ಅಗಲ ಇದೆ ಅಂತ ನೋಡ್ತಿದೀವಿ ಅಜ್ಜ" ಎಂದಳು. "ಜುಲೈಯಲ್ಲಿ ಬನ್ನಿ. ಆಗ ಅಳೆಯಲಿಕ್ಕೆ ಜಾಗ ಉಂಟಾ ನೋಡುವ" ಎಂದು ಅವರು ಬಲೆಯ ಕಡೆ ತಿರುಗಿದರು.

ಅವರು ಹೇಳಿದ್ದರಲ್ಲಿ ಇಡೀ ಸಮಸ್ಯೆ ಇದೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ತೆರೆಗಳು ದಂಡೆಯ ಹೊಯ್ಗೆಯನ್ನು ಕಡಲೊಳಕ್ಕೆ ಎಳೆಯುತ್ತವೆ. ಮಳೆ ಹಿಂದೆ ಸರಿದ ಮೇಲೆ ಸಣ್ಣ ತೆರೆಗಳು ಅದನ್ನೇ ತಿಂಗಳುಗಟ್ಟಲೆ ಮೆಲ್ಲಗೆ ಮರಳಿ ತರುತ್ತವೆ. ಡಿಸೆಂಬರಿನಲ್ಲಿ ಬಂದವರಿಗೆ ಕಾಣುವುದು ಆಗಲೇ ಬಹಳಷ್ಟು ಮರಳಿ ತುಂಬಿಕೊಂಡ ದಂಡೆ. ಪ್ರತಿ ವರ್ಷ ಡಿಸೆಂಬರಿನಲ್ಲಿ ಮಾತ್ರ ಬಂದು ಹೋದರೆ ಎಲ್ಲವೂ ಸರಿಯಿದೆ ಎಂದೇ ಅನ್ನಿಸುತ್ತದೆ. ನಮ್ಮಂಥ ಸುದ್ದಿಯವರು ಹೋಗುವುದು ಜುಲೈಯಲ್ಲಿ, ತೆಂಗಿನಮರ ಬಿದ್ದ ದಿನ. ನಮಗೆ ಎಲ್ಲವೂ ಹಾಳಾಗಿದೆ ಎಂದೇ ಕಾಣುತ್ತದೆ. ಎರಡೂ ಅರ್ಧ. ಈ ಸೆಪ್ಟೆಂಬರಿನಲ್ಲಿ ಹೋದದ್ದು ಮುಂದಿನ ಮೇ ಹೊತ್ತಿಗೆ ಪೂರ್ತಿ ಬಂತೇ, ಹಿಂದಿನ ಮೇಗಿಂತ ಎಷ್ಟು ಕಡಿಮೆ ಬಂತು ಎಂಬುದೇ ಪ್ರಶ್ನೆ. ಅದಕ್ಕೆ ಹೊರಗಿನಿಂದ ವರ್ಷಕ್ಕೊಮ್ಮೆ ಬರುವ ತಂಡ ಸಾಲದು. ಕಡಲ ಬದಿಯಲ್ಲೇ ಇರುವ ಪಿಯು ಮತ್ತು ಪದವಿ ಕಾಲೇಜುಗಳ ಮಕ್ಕಳೇ ಬೇಕು. ಕುಂದಾಪುರ, ಉಡುಪಿ, ಹೊನ್ನಾವರ, ಕುಮಟಾ, ಕಾರವಾರ ಎಲ್ಲ ಕಡೆ ಕಾಲೇಜುಗಳಿವೆ, ತೀರ ಸೈಕಲ್ ದೂರದಲ್ಲಿದೆ. ಅಳತೆಯ ಪುಸ್ತಕವನ್ನು ವೈವಾ ಮುಗಿದ ಮೇಲೆ ರದ್ದಿಗೆ ಹಾಕದೆ ಮುಂದಿನ ಬ್ಯಾಚಿಗೆ ಕೊಡಬೇಕು, ಒಂದು ನಕಲು ಪಂಚಾಯಿತಿಗೆ ಹೋಗಬೇಕು. ಹಾಲ್‌ಸ್ಯಾಂಡ್ಸ್‌ನ ಮನೆಗಳು ನಿಂತಿದ್ದಾಗ ಇಲ್ಲದೇ ಹೋದದ್ದು ಇಂಥದೊಂದು ಪುಸ್ತಕ. ವರ್ತ್ ಅವರ ಮೊದಲ ಲೇಖನ ಬಂದಾಗ ಅಗೆತ ನಿಂತು ಎರಡು ವರ್ಷ ಕಳೆದಿತ್ತು.

ಯಾರಾದರೂ ಮೇಷ್ಟ್ರು ಈ ವರ್ಷ ಶುರುಮಾಡುವುದಾದರೆ ಒಂದು ಸೂಚನೆ. ಅಳತೆ ಪ್ರತಿ ಸಲ ಒಂದೇ ಗುರುತಿನಿಂದ ಹೊರಡಬೇಕು. ದೀಪಸ್ತಂಭದ ಪಾಯ, ದೇವಸ್ಥಾನದ ಹಳೆಯ ಮೆಟ್ಟಿಲು, ನೆಲಕ್ಕೆ ಅಂಟಿದ ಹೆಬ್ಬಂಡೆ ಯಾವುದಾದರೂ ಆದೀತು. ಕಡಲ್ಕೊರೆತಕ್ಕೆಂದು ಸುರಿದ ತಡೆಗೋಡೆಯ ಕಲ್ಲನ್ನು ಮಾತ್ರ ಆರಿಸಬೇಡಿ; ಅವು ವರ್ಷ ವರ್ಷ ಹೊಯ್ಗೆಯೊಳಗೆ ಇಳಿಯುತ್ತಲೇ ಇರುತ್ತವೆ.